ಕಷ್ಟಕಾಲದ ಕೂಲಿ, ಕಾಲ ಮೀರಿದ ಕೆಲಸ



ಕಳೆದ ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ವಿಷಯದ ಮೇಲೆ ಎರಡು ತಾಸು ಚರ್ಚೆ ನಡೆದು, ತೀರ್ಮಾನವಾಗದೆ, ಅದನ್ನು ಮಹಾಸಭೆಯ ಮುಂದೆ ಇಡುವುದೆಂದು ಠರಾಯಿಸಲಾಯಿತು. ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಮಾರ್ಚ್ ದಾಟಿತೆಂದರೆ ನಮ್ಮ ತೋಟಗಳ ಹಳ್ಳ ಬತ್ತುತ್ತದೆ. ಜೂನ್ ಬಂತೆಂದರೆ ಅದೇ ಹಳ್ಳ ಕೆಂಪು ನೀರು ಹೊತ್ತು ಓಡುತ್ತದೆ. ಆ ಕೆಂಪು ಬೇರೇನೂ ಅಲ್ಲ, ನಾವು ವರ್ಷವಿಡೀ ಸೊಪ್ಪು ಗೊಬ್ಬರ ಹಾಕಿ ಸಾಕಿದ ಮೇಲ್ಮಣ್ಣು. ಹಳ್ಳದ ತಲೆಯಿಂದ ಕೆಳಗಿನವರೆಗೆ ಕಲ್ಲಿನ ತಡೆಗಳನ್ನು ಕಟ್ಟಬೇಕು, ಇಳಿಜಾರಿನಲ್ಲಿ ಅಗಳು ತೋಡಬೇಕು, ಇದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ, ಸಂಘದ ಮೂಲಕವೇ ಆಗಬೇಕು ಎಂಬಲ್ಲಿ ಎಲ್ಲರದೂ ಒಂದೇ ಮಾತು. ಭಿನ್ನಾಭಿಪ್ರಾಯ ಬಂದದ್ದು ಕೂಲಿಯ ಮಾತಿನಲ್ಲಿ.

ಕೆಲವರು ಶ್ರಮದಾನದಿಂದ ಮಾಡಿಸೋಣ ಎಂದರು. ಕೆಲವರು ಬೇಸಿಗೆಯಲ್ಲಿ ಕೆಲಸವಿಲ್ಲದೆ ಕೂತವರಿಗೆ ಅರ್ಧ ಕೂಲಿ ಕೊಟ್ಟರೂ ಬರುತ್ತಾರೆ ಎಂದರು. ಆಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಹೀಗೆ ಹೇಳಿದರು: "ಸೆಕ್ರೆಟರಿ ಸಾಹೇಬ್ರ, ಪುಕ್ಕಟೆ ಅಂದ್ರ ಯಾರ ಬರ್ತಾರ್ರೀ? ನಾನೂ ಬರೂದಿಲ್ಲ, ನೀವೂ ಬರೂದಿಲ್ಲ. ನಮ್ಮ ಆಳುಗೋಳನ್ನ ಕಳಸ್ತೀವಿ. ಅವರ ಒಲ್ಲೆ ಅನ್ನಾಕ ಆಗೂದಿಲ್ಲ ಅಂತ ಬರ್ತಾರ. ಇಂಥಾ ಕೆಲಸ ಎಲ್ಲ್ಯರ ನಿಂತದ್ದ ಐತೇನು, ಅದನ್ನಷ್ಟು ಹೇಳ್ರಿ."

ಅಂದು ನನ್ನ ಬಳಿ ಉತ್ತರವಿರಲಿಲ್ಲ. ಕಷ್ಟಕಾಲದಲ್ಲಿ ಜನರಿಗೆ ಕೆಲಸ ಕೊಟ್ಟು, ಆ ಕೆಲಸದಿಂದ ನಾಡಿಗೆ ಉಪಯೋಗವಾಗುವಂಥದ್ದನ್ನು ಕಟ್ಟಿಸಿದ ಪ್ರಯೋಗಗಳು ನಮ್ಮಲ್ಲೂ ಹೊರಗೂ ನಡೆದಿವೆ. ಕೆಲವು ನಿಂತವು, ಕೆಲವು ಕೆಟ್ಟ ಹೆಸರು ತಂದವು. ಎರಡಕ್ಕೂ ಕಾರಣಗಳಿವೆ. ಅವನ್ನು ತಿಳಿದುಕೊಂಡು ಮಹಾಸಭೆಗೆ ಬಂದರೆ ಅನುಕೂಲವೆಂದು ಈ ಲೇಖನ.

ಧಾತು ಸಂವತ್ಸರದ ಪಾಠ

ಮೊದಲು ನಮ್ಮ ನಾಡಿನ ಮಾತು. 1876ರಿಂದ 1878ರವರೆಗೆ ಮದರಾಸು ಮತ್ತು ಮುಂಬಯಿ ಪ್ರಾಂತಗಳು, ಮೈಸೂರು, ಹೈದರಾಬಾದು ಎಲ್ಲವನ್ನೂ ಹಿಂಡಿದ ಬರವನ್ನು ಹಳಬರು ಧಾತು ಸಂವತ್ಸರದ ಬರ ಎಂದೇ ನೆನೆಯುತ್ತಿದ್ದರು. ಸತ್ತವರ ಸಂಖ್ಯೆ 50 ಲಕ್ಷಕ್ಕೂ ಮೇಲೆಂದು ಅಂದಾಜು. ಮೈಸೂರು ಸಂಸ್ಥಾನವೊಂದರಲ್ಲೇ ಐದರಲ್ಲೊಬ್ಬರು ಇಲ್ಲವಾದರು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು.

ಸರಕಾರ ಪರಿಹಾರ ಕಾಮಗಾರಿಗಳನ್ನು ತೆರೆಯಿತು. ರಸ್ತೆ, ಕೆರೆ, ಕಾಲುವೆಗಳ ಮಣ್ಣು ಕೆಲಸ. ಆದರೆ ಸರಕಾರದ ಚಿಂತೆ ಹಸಿದವರಿಗಿಂತ ಹೆಚ್ಚಾಗಿ ಬೊಕ್ಕಸದ್ದಾಗಿತ್ತು. ನಿಜವಾಗಿ ದಿಕ್ಕಿಲ್ಲದವರು ಮಾತ್ರ ಬರಲಿ ಎಂದು ಎರಡು ಪರೀಕ್ಷೆಗಳನ್ನಿಟ್ಟರು. ಒಂದು ದೂರದ ಪರೀಕ್ಷೆ: ಊರಿನಿಂದ ಹತ್ತು ಮೈಲಿಯಾದರೂ ಆಚೆಯ ಶಿಬಿರಕ್ಕೆ ಹೋಗಿ ಅಲ್ಲೇ ಇರಬೇಕು. ಇನ್ನೊಂದು ಕೂಲಿಯ ಪರೀಕ್ಷೆ: 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಸಲಹೆಯಂತೆ, ದಿನವಿಡೀ ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಅರ್ಧ ಆಣೆ. ಹೆಂಗಸರಿಗೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ತೋಟದಲ್ಲಿ ಗುಂಡಿ ತೋಡುವ ಆಳು ಎಷ್ಟು ಉಣ್ಣುತ್ತಾನೆಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್, ಇಷ್ಟು ಆಹಾರದಲ್ಲಿ ದುಡಿಯುವ ದೇಹ ಉಳಿಯುವುದಿಲ್ಲವೆಂದು ಸರಕಾರದೊಳಗಿದ್ದುಕೊಂಡೇ ವಾದಿಸಿದರು. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಕೂಲಿಕಾರರು ಕೆಲಸ ಬಿಟ್ಟು ನಡೆದರು. ಹಸಿದವರು ಹೂಡಿದ ಮುಷ್ಕರ ಅದು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರಕಾರಕ್ಕೆ ಅರ್ಜಿಗಳನ್ನು ಬರೆಯಿತು. ಕೆಲ ತಿಂಗಳ ಮೇಲೆ ಮದರಾಸಿನಲ್ಲಿ ಕೂಲಿ ಏರಿಸಿದರು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಈ ಅನಾಹುತದ ತರುವಾಯ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು. ಅದರ ಆಧಾರದ ಮೇಲೆ 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಸಿದ್ಧವಾಯಿತು. ಬರ ಬಂದ ಮೇಲೆ ಓಡಾಡುವ ಬದಲು, ಯಾವ ಜಿಲ್ಲೆಯಲ್ಲಿ ಯಾವ ಕಾಮಗಾರಿ ತೆರೆಯಬೇಕೆಂಬ ಪಟ್ಟಿ ಮೊದಲೇ ಸಿದ್ಧವಿರಬೇಕು ಎಂಬ ತತ್ತ್ವ ಅಲ್ಲಿಂದ ಬಂದದ್ದು. ಬರಪೀಡಿತ ಸೀಮೆಗೆ ಧಾನ್ಯ ಮುಟ್ಟಿಸಲು ರೈಲು ಬೇಕೆಂಬ ವಿಚಾರವೂ ಬಲವಾಯಿತು. 1882ರಲ್ಲಿ ಸ್ಥಾಪನೆಯಾದ ದಕ್ಷಿಣ ಮರಾಠಾ ರೈಲ್ವೆ ಕಂಪನಿ ಮೊದಲು ಕೈಗೊಂಡದ್ದು ಹೋಟಗಿ-ಗದಗ ಮಾರ್ಗವನ್ನು, ಬರ ತಡೆಯುವ ಮಾರ್ಗವೆಂದೇ. ಅದೇ ಕಂಪನಿಯ ಹಳಿಗಳು ಮುಂದೆ ಲೋಂಡಾಕ್ಕೆ ಬಂದು, 1890ರ ಹೊತ್ತಿಗೆ ಖಾನಾಪುರ, ಬೆಳಗಾವಿಗಳ ಮೇಲೆ ಹಾದು ಪುಣೆ ಮುಟ್ಟಿದವು. ಮೈಸೂರು ಸೀಮೆಯಲ್ಲಿ ಬೆಂಗಳೂರು-ಮೈಸೂರು ರೈಲುಮಾರ್ಗ ಬರ ಪರಿಹಾರದ ಕಾಮಗಾರಿಯಾಗಿಯೇ ಆರಂಭವಾದದ್ದು.

ಎಂದರೆ ಆ ಕಾಲದ ಕಟ್ಟಡಗಳು ನಿಂತವು, ಕಟ್ಟಿದವರು ನಿಲ್ಲಲಿಲ್ಲ. ಕೂಲಿ ಕಡಿಮೆ ಮಾಡಿ ಕೆಲಸ ಹೆಚ್ಚು ತೆಗೆಯಬಹುದೆಂಬ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ತಿಲಕವಾಡಿಯ ಬಾವಿ

ಇನ್ನು ಶ್ರಮದಾನದ ಮಾತು. ಅದು ಎಲ್ಲೂ ಫಲ ಕೊಟ್ಟಿಲ್ಲವೆಂದರೆ ತಪ್ಪಾಗುತ್ತದೆ. 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನವದು. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ತಿಲಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಹೆಸರಿನ ಬಿಡಾರದ ಊರನ್ನೇ ಎಬ್ಬಿಸಿದರು. ಡಾ. ನಾ. ಸು. ಹರ್ಡೀಕರರ ಸೇವಾದಳದ ಸ್ವಯಂಸೇವಕರು ಹಗಲಿರುಳು ದುಡಿದರು. ಬಂದ ಜನಕ್ಕೆ ನೀರು ಬೇಕಲ್ಲ, ಅದಕ್ಕಾಗಿ ಒಂದು ಬಾವಿಯನ್ನು ತೋಡಿಸಿದರು. ಬಿಡಾರ ಅಧಿವೇಶನ ಮುಗಿದೊಡನೆ ಕಿತ್ತುಹೋಯಿತು. ಬಾವಿ ಉಳಿಯಿತು. ಇಂದಿಗೂ ಅದು ಕಾಂಗ್ರೆಸ್ ಬಾವಿ. ಬೆಳಗಾವಿಗೆ ಸಂತೆಗೋ ಆಸ್ಪತ್ರೆಗೋ ಹೋದಾಗ ವೀರಸೌಧದ ಬಳಿ ಯಾರೂ ನೋಡಬಹುದು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಆ ಸ್ವಯಂಸೇವಕರು ತಾವಾಗಿ ಬಂದವರು, ಮನೆಯಲ್ಲಿ ಉಣ್ಣಲಿಕ್ಕಿದ್ದವರು, ಕೆಲವು ವಾರಗಳ ಮಟ್ಟಿಗೆ ಬಂದವರು. ಮತ್ತು ಒಂದು ದೊಡ್ಡ ಉದ್ದೇಶಕ್ಕೆ ಬಂದವರು. ನಮ್ಮ ಹಳ್ಳದ ತಡೆ ಕಟ್ಟಲು ನಾವು ಕರೆಯುವುದು ಅಂಥವರನ್ನಲ್ಲ. ದಿನದ ಕೂಲಿಯಿಂದಲೇ ಒಲೆ ಹೊತ್ತಬೇಕಾದವರನ್ನು. ಇಬ್ಬರಿಗೂ ಒಂದೇ ಹೆಸರಿನ ಕರೆ ಕೊಡುವುದು ನ್ಯಾಯವಲ್ಲ.

ಬೆಲೆ ಬಿದ್ದ ಕಾಲ

1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿದು, ಜಗತ್ತಿನ ತುಂಬ ವ್ಯಾಪಾರ ನಿಂತಿತು. ಇದನ್ನು ಮಹಾ ಆರ್ಥಿಕ ಕುಸಿತವೆಂದು ಕರೆಯುತ್ತಾರೆ. ಅದರ ಬಿಸಿ ತೋಟಗಾರರಿಗೆ ತಟ್ಟಿದ್ದು ಬೆಲೆಯಲ್ಲಿ. ಬ್ರೆಜಿಲ್ ದೇಶ ಮಾರಲಾಗದ ಕಾಫಿಯನ್ನು 1931ರಿಂದ 1944ರವರೆಗೆ ಸುಟ್ಟೂ ಸಮುದ್ರಕ್ಕೆ ಸುರಿದೂ ಸುಮಾರು 7 ಕೋಟಿ 80 ಲಕ್ಷ ಚೀಲ ನಾಶಮಾಡಿತು. ನಮ್ಮಲ್ಲಿ ಕಾಫಿ ಬೆಳೆಗಾರರ ಸಂಕಟದಿಂದ 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು. ಮುಂದೆ ಯುದ್ಧದಿಂದ ಯೂರೋಪಿನ ಪೇಟೆ ಮುಚ್ಚಿದಾಗ, 1940ರ ಸುಗ್ರೀವಾಜ್ಞೆ ಮತ್ತು 1942ರ ಕಾಫಿ ಕಾಯ್ದೆಯ ಮೂಲಕ ಎಲ್ಲರ ಕಾಫಿಯನ್ನೂ ಒಂದೆಡೆ ಸೇರಿಸಿ ಮಾರುವ ವ್ಯವಸ್ಥೆಯಾಯಿತು. 1996ರಲ್ಲಿ ಅದು ಪೂರ್ತಿ ನಿಲ್ಲುವವರೆಗೆ ನಮ್ಮ ಹಿರಿಯರು ಕಂಡದ್ದು ಅದನ್ನೇ. ಅಡಿಕೆಯ ಸೀಮೆಯಾದ ಸಿದ್ದಾಪುರದಲ್ಲಿಯೂ ಅಂಕೋಲೆಯಲ್ಲಿಯೂ 1931-32ರಲ್ಲಿ ರೈತರು ಕರನಿರಾಕರಣೆ ನಡೆಸಿ ಜಮೀನು ಕಳೆದುಕೊಂಡರು. ಸ್ವಾತಂತ್ರ್ಯದ ಹಂಬಲದ ಜೊತೆಗೆ, ಬೆಲೆ ಬಿದ್ದು ಕೈ ಬರಿದಾದದ್ದೂ ಆ ಕಾಲದ ಹಿನ್ನೆಲೆಯಲ್ಲಿತ್ತು.

ಅಮೆರಿಕದಲ್ಲಿ 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಅಲ್ಲಿಯ ನೆಲವೂ ಕೆಟ್ಟಿತ್ತು. ಕಾಡನ್ನು ಎಗ್ಗಿಲ್ಲದೆ ಕಡಿದಿದ್ದರು, ಉತ್ತ ಹೊಲಗಳಲ್ಲಿ ಮಣ್ಣು ಕೊಚ್ಚಿ ಕಂದಕ ಬಿದ್ದಿದ್ದವು. ಕೆಲಸವಿಲ್ಲದ ಹುಡುಗರು ಒಂದು ಕಡೆ, ಕೆಲಸ ಬೇಡುವ ನೆಲ ಇನ್ನೊಂದು ಕಡೆ. ಇವೆರಡನ್ನೂ ಕೂಡಿಸುವ ವಿಚಾರ ಹೊಸ ಅಧ್ಯಕ್ಷ ರೂಸ್‌ವೆಲ್ಟರದು. 1933ರ ಮಾರ್ಚ್ 4ರಂದು ಅಧಿಕಾರ ವಹಿಸಿದ ಅವರು ಮಾರ್ಚ್ 31ಕ್ಕೆ ಕಾಯ್ದೆಗೆ ಸಹಿ ಹಾಕಿದರು. ಏಪ್ರಿಲ್ 17ಕ್ಕೆ ವರ್ಜೀನಿಯಾದ ಕಾಡಿನಲ್ಲಿ ಮೊದಲ ಶಿಬಿರ ತೆರೆಯಿತು. ಜುಲೈ ಹೊತ್ತಿಗೆ ಎರಡೂವರೆ ಲಕ್ಷಕ್ಕೂ ಮಿಕ್ಕಿದ ಹುಡುಗರು ಶಿಬಿರಗಳಲ್ಲಿದ್ದರು. ಈ ವ್ಯವಸ್ಥೆಗೆ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂದು ಹೆಸರು. ನಾವು ಸಂರಕ್ಷಣಾ ದಳ ಎಂದುಕೊಳ್ಳೋಣ.

ಶಿಬಿರ ನಡೆದ ರೀತಿ

ಮೊದಲಿಗೆ ಸೇರಿಸಿಕೊಂಡದ್ದು 18ರಿಂದ 25 ವಯಸ್ಸಿನ, ಮದುವೆಯಾಗದ, ಮನೆಯಲ್ಲಿ ದುಡಿಮೆಯಿಲ್ಲದ ಗಂಡುಹುಡುಗರನ್ನು. ಆರು ತಿಂಗಳಿಗೊಮ್ಮೆ ಕರಾರು. ಒಂದು ಶಿಬಿರದಲ್ಲಿ ಸುಮಾರು 200 ಜನ. ತಿಂಗಳಿಗೆ 30 ಡಾಲರು ಸಂಬಳ. ಅದರಲ್ಲಿ 25 ಡಾಲರು ನೇರವಾಗಿ ಹುಡುಗನ ಮನೆಗೆ ಹೋಗುತ್ತಿತ್ತು, 5 ಡಾಲರು ಅವನ ಕೈಗೆ. ಊಟ, ಬಟ್ಟೆ, ವಸತಿ, ವೈದ್ಯ ಎಲ್ಲ ಸರಕಾರದ್ದು. ಹಸಿದು ಬಂದ ಹುಡುಗರು ಮೊದಲ ಕೆಲವು ತಿಂಗಳಲ್ಲೇ ಮೈ ತುಂಬಿಕೊಂಡರು. ಟೆಂಪಲ್ ಸಾಹೇಬರ ಒಂದು ಪೌಂಡಿಗೂ ಇದಕ್ಕೂ ಇರುವ ಅಂತರವನ್ನು ಓದುಗರೇ ಅಳೆಯಲಿ.

ಆಡಳಿತವನ್ನು ಹಂಚಿದ ರೀತಿಯೂ ಗಮನಿಸತಕ್ಕದ್ದು. ಬಿಡಾರ, ಊಟ, ಶಿಸ್ತು ನೋಡಿಕೊಂಡದ್ದು ಸೈನ್ಯದ ಅಧಿಕಾರಿಗಳು. ಕೆಲಸ ಏನು, ಎಲ್ಲಿ, ಹೇಗೆ ಎಂಬುದನ್ನು ನೋಡಿಕೊಂಡದ್ದು ಅರಣ್ಯ ಮತ್ತು ಉದ್ಯಾನ ಇಲಾಖೆಯವರು. ಹುಡುಗರಲ್ಲಿ ಬಹಳಷ್ಟು ಜನ ಪಟ್ಟಣದವರು, ಕೊಡಲಿ ಹಿಡಿದು ಗೊತ್ತಿಲ್ಲದವರು. ಅವರಿಗೆ ಕಲಿಸಲು ಪ್ರತಿ ಶಿಬಿರಕ್ಕೂ ಸುತ್ತಲ ಊರಿನ ಅನುಭವಿಗಳನ್ನು, ಮರ ಕಡಿದು ಕಲ್ಲು ಒಡೆದು ಕೈ ಪಳಗಿದವರನ್ನು, ಸಂಬಳ ಕೊಟ್ಟು ನೇಮಿಸಿಕೊಂಡರು. ವಯಸ್ಸಾದ ಕಸುಬುದಾರನಿಗೆ ಗೌರವದ ಕೆಲಸ, ಹುಡುಗನಿಗೆ ಕಸುಬು. ಸಂಜೆ ಪಾಠಗಳಿದ್ದವು. ಓದುಬರಹ ಬಾರದ ಸುಮಾರು 40,000 ಹುಡುಗರು ಶಿಬಿರದಲ್ಲೇ ಅಕ್ಷರ ಕಲಿತರು.

1935ರಲ್ಲಿ ದಳ ತನ್ನ ಹೆಚ್ಚಿನ ಮಟ್ಟ ಮುಟ್ಟಿದಾಗ ಸುಮಾರು 5 ಲಕ್ಷ ಜನ, 2,600ರಷ್ಟು ಶಿಬಿರಗಳು. 1942ರ ಮಧ್ಯದಲ್ಲಿ, ಯುದ್ಧದಿಂದ ಹುಡುಗರಿಗೆ ಬೇರೆ ಕೆಲಸ ಬಂದು ಹಣ ನಿಲ್ಲುವವರೆಗೆ, ಒಟ್ಟು 25ರಿಂದ 30 ಲಕ್ಷ ಜನ ಅದರಲ್ಲಿ ದುಡಿದರು. ಅವರು ನೆಟ್ಟ ಸಸಿಗಳು ಸುಮಾರು 300 ಕೋಟಿ. ಕಟ್ಟಿದ ಬೆಂಕಿ ಕಾವಲುಗೋಪುರಗಳು 3,000ಕ್ಕೂ ಹೆಚ್ಚು. 1935ರಲ್ಲಿ ಮಣ್ಣು ಸಂರಕ್ಷಣಾ ಇಲಾಖೆ ಹುಟ್ಟಿದ ಮೇಲೆ ನೂರಾರು ಶಿಬಿರಗಳು ರೈತರ ಜಮೀನಿನಲ್ಲೇ ಕೊರಕಲುಗಳಿಗೆ ತಡೆ ಕಟ್ಟುವ, ಇಳಿಜಾರಿಗೆ ಬದು ಹಾಕುವ ಕೆಲಸಕ್ಕೆ ನಿಂತವು.

ಅರಣ್ಯ ಉದ್ಯಾನಗಳಲ್ಲಿ ಅವರು ಕಟ್ಟಿದ್ದು ಕಾಲುಹಾದಿ, ಸೇತುವೆ, ತಂಗುಮನೆ, ಚಿಕ್ಕ ಅಣೆಕಟ್ಟು, ಪ್ರವಾಸಿಗರು ಕೂತು ಉಣ್ಣುವ ಕಟ್ಟೆ. ಆ ಜಾಗದ ಕಲ್ಲು, ಆ ಜಾಗದ ಮರದ ದಿಮ್ಮಿಯನ್ನೇ ಬಳಸಬೇಕು, ಕಟ್ಟಡ ಗುಡ್ಡದಲ್ಲೇ ಹುಟ್ಟಿ ಬಂದಂತೆ ಕಾಣಬೇಕು ಎಂಬುದು ಅವರ ಪದ್ಧತಿ. ನಮ್ಮ ಖಾನಾಪುರದ ಹಂಚು ಹೊದಿಸಿ ಜಂಬಿಟ್ಟಿಗೆ ಕಲ್ಲಿನ ಮನೆ ಕಟ್ಟಿದವರಿಗೆ ಈ ಮಾತು ಹೊಸದಲ್ಲ. ಕೊಲರಾಡೋ ರಾಜ್ಯದ ಡೆನ್ವರ್ ಊರಿನ ಹೊರಗೆ ಕೆಂಪು ಬಂಡೆಗಳ ನಡುವೆ 1936ರಿಂದ 1941ರವರೆಗೆ ಅವರು ಕಟ್ಟಿದ ರೆಡ್ ರಾಕ್ಸ್ ಬಯಲು ರಂಗಮಂದಿರದಲ್ಲಿ ಇಂದಿಗೂ ಸಾವಿರಾರು ಜನ ಕೂತು ಸಂಗೀತ ಕೇಳುತ್ತಾರೆ.

ಅವರ ತಪ್ಪುಗಳು

ಎಲ್ಲವೂ ಚಿನ್ನವಾಗಿರಲಿಲ್ಲ. ಹೆಂಗಸರಿಗೆ ದಳದಲ್ಲಿ ಜಾಗವಿರಲಿಲ್ಲ. ಕರಿಯ ಜನಾಂಗದ ಹುಡುಗರನ್ನು ಬಹುಮಟ್ಟಿಗೆ ಬೇರೆ ಶಿಬಿರಗಳಲ್ಲಿಟ್ಟರು. ವರ್ಜೀನಿಯಾದ ಶೆನಂಡೋವಾ ಉದ್ಯಾನದಲ್ಲಿ ದಳದವರು ಕಟ್ಟಿದ ಕಲ್ಲಿನ ತಡೆಗೋಡೆಗಳು ಚೆಂದ. ಆದರೆ ಆ ಉದ್ಯಾನ ಮಾಡುವಾಗ ಗುಡ್ಡದ ಮೇಲೆ ತಲೆಮಾರುಗಳಿಂದ ಬಾಳಿದ್ದ ನೂರಾರು ಕುಟುಂಬಗಳನ್ನು ಎಬ್ಬಿಸಲಾಯಿತು. ಭೀಮಗಡದ ಕಾಡಿನೊಳಗಿನ ಹಳ್ಳಿಗಳ ಪ್ರಶ್ನೆ ತಿಳಿದಿರುವ ನಮ್ಮ ತಾಲೂಕಿನವರು ಇದನ್ನು ಮರೆಯಬಾರದು. ದಟ್ಟ ಕಾಡಿನೊಳಗೆ ಬೇಕಿಲ್ಲದ ರಸ್ತೆ ಕಡಿಯುತ್ತಾರೆಂದು ಅಲ್ಲಿಯ ಅರಣ್ಯ ತಜ್ಞರೇ ತಕರಾರೆತ್ತಿದರು.

ನಮಗೆ ಹತ್ತಿರದ ಇನ್ನೊಂದು ತಪ್ಪಿದೆ. ಮಣ್ಣು ಕೊಚ್ಚುವುದನ್ನು ತಡೆಯಲು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕುಡ್ಜು ಎಂಬ ಜಪಾನಿನ ಬಳ್ಳಿಯನ್ನು ಕೋಟಿಗಟ್ಟಲೆ ನೆಟ್ಟರು. ನಮ್ಮ ಅಡಿಕೆ, ರಬ್ಬರು ತೋಟಗಳಲ್ಲಿ ಹೊದಿಕೆ ಬೆಳೆಯಾಗಿ ಹಾಕುವ ಪ್ಯುರೇರಿಯಾ ಬಳ್ಳಿಯ ದಾಯಾದಿ ಅದು. ಮಣ್ಣು ಹಿಡಿಯಿತು, ನಿಜ. ಆದರೆ ನೋಡುವವರಿಲ್ಲದೆ ಬಿಟ್ಟಾಗ ಮರ, ಕಂಬ, ಹಾಳು ಮನೆ ಎಲ್ಲವನ್ನೂ ಮುಚ್ಚಿ, ಇಂದಿಗೂ ಆ ಸೀಮೆಗೆ ಪೀಡೆಯಾಗಿದೆ. ಬೇಗ ಬೆಳೆಯುತ್ತದೆಂಬ ಒಂದೇ ಕಾರಣಕ್ಕೆ ಅಕೇಶಿಯಾ ನೆಟ್ಟ ಗುಡ್ಡಗಳನ್ನು ನೋಡಿದ ನಮಗೆ ಇದು ಅರ್ಥವಾಗುತ್ತದೆ.

ಈಚಿನ ದಿನಗಳು

ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ 1972-73ರ ಬರದ ಕಾಲಕ್ಕೆ ಪರಿಹಾರ ಕಾಮಗಾರಿಗಳಲ್ಲಿ ಒಂದು ಹಂತದಲ್ಲಿ ಸುಮಾರು 50 ಲಕ್ಷ ಜನ ದುಡಿದರು. ಆ ಅನುಭವದಿಂದ ಅಲ್ಲಿ ಉದ್ಯೋಗ ಖಾತರಿ ಯೋಜನೆ ರೂಪುಗೊಂಡು, 1977ರ ಕಾಯ್ದೆಯ ಮೂಲಕ 1979ರ ಜನವರಿ 26ರಿಂದ ಕಾನೂನಿನ ಹಕ್ಕಾಯಿತು. 2005ರಲ್ಲಿ ಇಡೀ ದೇಶಕ್ಕೆ ಉದ್ಯೋಗ ಖಾತರಿ ಕಾಯ್ದೆ ಬಂತು. 2007ರಲ್ಲಿ ಎರಡನೆಯ ಹಂತದಲ್ಲಿ ಅದು ವಿಸ್ತರಿಸಿದ ಜಿಲ್ಲೆಗಳಲ್ಲಿ ಬೆಳಗಾವಿ, ಕೊಡಗು, ಚಿಕ್ಕಮಗಳೂರು, ಹಾಸನಗಳೂ ಸೇರಿದ್ದವು.

ಆ ಕಾಯ್ದೆಯಲ್ಲಿ ಬರೆದ ಒಂದು ನಿಯಮವನ್ನು 1877ರ ನಿಯಮದ ಪಕ್ಕದಲ್ಲಿಟ್ಟು ನೋಡಿ. ಆಗ ಹತ್ತು ಮೈಲಿ ಆಚೆ ಹೋದರೆ ಮಾತ್ರ ಕೆಲಸ. 2005ರ ಕಾಯ್ದೆಯಲ್ಲಿ ಐದು ಕಿಲೋಮೀಟರ್ ಒಳಗೇ ಕೆಲಸ ಕೊಡಬೇಕು, ಅದಕ್ಕಿಂತ ದೂರವಾದರೆ ನೂರಕ್ಕೆ ಹತ್ತು ಹೆಚ್ಚು ಕೂಲಿ ಕೊಡಬೇಕು ಎಂದಿತ್ತು. ಕೆಲಸಗಾರರಲ್ಲಿ ಮೂರನೆಯ ಒಂದು ಪಾಲಾದರೂ ಹೆಂಗಸರಿರಬೇಕು ಎಂದಿತ್ತು. ಇಷ್ಟು ದೂರ ಬರಲು ನಮ್ಮ ನಾಡಿಗೆ 128 ವರ್ಷ ಬೇಕಾಯಿತು. ಇಂಥ ಯೋಜನೆಗಳ ದಿನಗಳ ಲೆಕ್ಕ, ಕೂಲಿಯ ದರ, ಹೆಸರು ಕಾಲಕಾಲಕ್ಕೆ ಬದಲಾಗುತ್ತವೆ. ಆದ್ದರಿಂದ ಸಣ್ಣ ಹಿಡುವಳಿಯ ಸದಸ್ಯರು ತಮ್ಮ ಗ್ರಾಮ ಪಂಚಾಯತಿಯಲ್ಲಿ ಈ ವರ್ಷದ ನಿಯಮವನ್ನು ಕೇಳಿ ತಿಳಿದುಕೊಂಡೇ ಮುಂದುವರಿಯಬೇಕು.

ನನ್ನದೇ ಒಂದು ಬದುವಿನ ಕಥೆ

ತಪ್ಪು ಮಾಡಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಸುಮಾರು ಹದಿನೈದು ವರ್ಷದ ಹಿಂದೆ ನಮ್ಮ ತೋಟದ ಮೇಲಿನ ಕಣಿವೆಗೆ ಅಡ್ಡಲಾಗಿ ಒಂದು ಮಣ್ಣಿನ ಬದು ಹಾಕಿಸಿದೆ. ಬೇಗ ಮುಗಿಯಲೆಂದು ಗುತ್ತಿಗೆ ಕೊಟ್ಟೆ, ದರ ಹಿಡಿದು ಚೌಕಾಶಿ ಮಾಡಿದೆ. ಪದವಿ ಪಡೆದವನೆಂಬ ಹಮ್ಮು ಬೇರೆ. ನಮ್ಮಲ್ಲಿ ಬಹುಕಾಲ ದುಡಿದ ಮುದುಕನೊಬ್ಬ ನೋಡಿ, "ಸಾವಕಾರ್ರ, ನೀರಿಗೆ ಹಾದಿ ಬಿಡಲಿಲ್ಲಂದ್ರ ಅದು ತನ್ನ ಹಾದಿ ತಾನ ಮಾಡ್ಕೊಂತೈತ್ರೀ" ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವು ಮಳೆಗಾಲ ಬದು ನಿಂತಿತು. 2019ರ ಆಗಸ್ಟಿನ ಮಳೆಯಲ್ಲಿ ಒಂದೇ ರಾತ್ರಿಗೆ ಒಡೆದು, ಕೆಳಗಿನ ಫಸಲು ಕೊಡುವ ಅಡಿಕೆ ಮರಗಳ ಎರಡು ಸಾಲನ್ನು ಬುಡಸಹಿತ ಕಿತ್ತುಕೊಂಡು ಹೋಯಿತು. ಪಕ್ಕದ ಸಣ್ಣ ಹಿಡುವಳಿದಾರನ ಗದ್ದೆಗೂ ಮರಳು ತುಂಬಿತು. ನನ್ನ ನಷ್ಟ ನಾನು ತಡೆದುಕೊಂಡೆ. ಅವನ ಒಂದು ವರ್ಷದ ಭತ್ತ ನನ್ನಿಂದ ಹೋಯಿತೆಂಬುದು ಇಂದಿಗೂ ಕೊರೆಯುತ್ತದೆ. ಕೂಲಿಯಲ್ಲಿ ಉಳಿಸಿದ ಹಣ ಅವನಿಗೆ ಕೊಟ್ಟ ಪರಿಹಾರಕ್ಕೂ ಸಾಲಲಿಲ್ಲ.

ಮಾಡುವುದಾದರೆ ಹೀಗೆ

ಕಣಕುಂಬಿಯ ಕಡೆ ಮಲಪ್ರಭೆ ಹುಟ್ಟುವಲ್ಲಿ ಸುರಿಯುವ ಮಳೆಗೂ, ಬೆಳಗಾವಿ ನಗರದಲ್ಲಿ ಬೀಳುವ ಮಳೆಗೂ ಬಹಳ ಅಂತರವಿದೆ. ಆದ್ದರಿಂದ ಒಬ್ಬರ ತೋಟದ ಲೆಕ್ಕ ಇನ್ನೊಬ್ಬರಿಗೆ ಹೊಂದುವುದಿಲ್ಲ. ಆದರೂ ಎಲ್ಲರಿಗೂ ಸಲ್ಲುವ ಕೆಲವು ಮಾತುಗಳಿವೆ.

ಕೆಲಸ ಯಾವಾಗಲೂ ಹಳ್ಳದ ತಲೆಯಿಂದ ಕೆಳಕ್ಕೆ ಬರಬೇಕು. ಮೇಲೆ ನೀರಿನ ವೇಗ ಮುರಿಯದೆ ಕೆಳಗೆ ದೊಡ್ಡ ತಡೆ ಕಟ್ಟಿದರೆ ನನ್ನ ಬದುವಿನ ಗತಿಯೇ. ಕಲ್ಲಿನ ತಡೆಯ ಬುಡ ಅಗಲವಾಗಿರಲಿ, ಎರಡೂ ತುದಿ ದಂಡೆಯೊಳಕ್ಕೆ ಹೊಕ್ಕಿರಲಿ, ನಡುಭಾಗ ತುದಿಗಳಿಗಿಂತ ತಗ್ಗಾಗಿರಲಿ. ತುಂಬಿದ ನೀರು ನಡುವೆಯೇ ಹೊರಳಿ ಬೀಳಬೇಕು, ದಂಡೆ ಕೊರೆಯಬಾರದು. ನೀರು ಬೀಳುವ ಜಾಗಕ್ಕೆ ದೊಡ್ಡ ಕಲ್ಲು ಹಾಸಬೇಕು. ಕೆಳಗಿನ ತಡೆಯ ನೆತ್ತಿ, ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರವಿಡಬೇಕು.

ಅಗಳು, ಇಂಗುಗುಂಡಿ, ಕಾಫಿ ಸಾಲುಗಳ ನಡುವಿನ ತೊಟ್ಟಿಲುಗುಂಡಿ ಎಲ್ಲವೂ ಗುಡ್ಡದ ಸಮಮಟ್ಟದ ಗೆರೆಯಲ್ಲೇ ಇರಬೇಕು. ಕಣ್ಣಳತೆ ಸಾಲದು. ನೀರು ತುಂಬಿದ ಪಾರದರ್ಶಕ ನಳಿಗೆ ಹಿಡಿದು ಮಟ್ಟ ನೋಡಿದರೆ ಸಾಕು. ತೋಡಿದ ಮಣ್ಣನ್ನು ಕೆಳಬದಿಗೆ ಹಾಕಿ ಹುಲ್ಲು ನೆಡಬೇಕು. ಆದರೆ ತೀರ ಕಡಿದಾದ, ಮಣ್ಣು ಆಳವಾಗಿರುವ ಗುಡ್ಡದಲ್ಲಿ ನೀರು ಇಂಗಿಸಲು ಹೋಗಬಾರದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜಾರಿದ್ದನ್ನು ನೆನೆಯಿರಿ. ಅಂಥಲ್ಲಿ ನೀರನ್ನು ನಿಲ್ಲಿಸದೆ ಮೆಲ್ಲಗೆ ಹಳ್ಳಕ್ಕೆ ಇಳಿಸುವುದೇ ಕ್ಷೇಮ.

ಇನ್ನೊಂದು ಎಚ್ಚರಿಕೆ. ನಮ್ಮ ಹಳ್ಳಗಳ ತಲೆ ಎಷ್ಟೋ ಕಡೆ ಅರಣ್ಯದಲ್ಲಿದೆ. ಭೀಮಗಡ 2011ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಅಲ್ಲಿ ಒಂದು ಕಲ್ಲನ್ನೂ ಎತ್ತಿಡುವಂತಿಲ್ಲ. ನಮ್ಮ ಕೆಲಸ ನಮ್ಮ ಗಡಿಯಿಂದ ಆರಂಭವಾಗಲಿ.

ಮಹಾಸಭೆಯ ಮುಂದಿರುವ ಪ್ರಶ್ನೆ

ಹಿರಿಯ ಸದಸ್ಯರು ಕೇಳಿದ ಪ್ರಶ್ನೆಗೆ ಈಗ ನನ್ನ ಉತ್ತರ ಇದು. ಇಂಥ ಕೆಲಸ ನಿಂತದ್ದುಂಟು. ನಿಂತಲ್ಲೆಲ್ಲ ನಾಲ್ಕು ಸಂಗತಿ ಕಾಣುತ್ತವೆ: ದುಡಿದವರಿಗೆ ಹೊಟ್ಟೆ ತುಂಬುವ ಕೂಲಿ, ಕಲಿಸಲು ಕಸುಬು ಬಲ್ಲವನು, ಮೊದಲೇ ಮಾಡಿಟ್ಟ ಕೆಲಸದ ಪಟ್ಟಿ, ಕಟ್ಟಿದ ಮೇಲೆ ನೋಡಿಕೊಳ್ಳುವ ಏರ್ಪಾಡು. ಇವುಗಳಲ್ಲಿ ಒಂದನ್ನು ಬಿಟ್ಟರೂ ಕೆಲಸ ಕುಂಟುತ್ತದೆ. ಕೊನೆಯದನ್ನು ಬಿಟ್ಟರೆ ಕುಡ್ಜು ಬಳ್ಳಿಯ ಕಥೆ, ಮೊದಲನೆಯದನ್ನು ಬಿಟ್ಟರೆ ಧಾತು ಬರದ ಕಥೆ.

ಆದ್ದರಿಂದ ಮಂಡಳಿಯ ಸದಸ್ಯನಾಗಿ ಅಲ್ಲ, ಒಬ್ಬ ಬೆಳೆಗಾರನಾಗಿ ನನ್ನ ಸೂಚನೆ ಹೀಗಿದೆ. ಸಂಘಕ್ಕೆ ಮಾಲು ಹಾಕುವಾಗ ಪ್ರತಿ ಚೀಲಕ್ಕೆ ಮಹಾಸಭೆ ಒಪ್ಪುವಷ್ಟು ಚಿಕ್ಕ ಮೊತ್ತವನ್ನು ಹಳ್ಳದ ನಿಧಿಗೆ ಮುರಿದುಕೊಳ್ಳೋಣ. ಹೆಚ್ಚು ಮಾಲು ಇದ್ದವನು ಹೆಚ್ಚು ಕೊಟ್ಟಂತಾಗುತ್ತದೆ, ಅರ್ಧ ಎಕರೆಯವನ ಮೇಲೆ ಭಾರ ಬೀಳುವುದಿಲ್ಲ. ಕೊಯ್ಲು ಮುಗಿದು ಮಳೆ ಬರುವುದರೊಳಗಿನ ಕೆಲಸವಿಲ್ಲದ ವಾರಗಳಲ್ಲಿ, ತೋಟದ ಕೂಲಿಗೆ ಒಂದು ಪೈಸೆಯೂ ಕಡಿಮೆಯಿಲ್ಲದ ಕೂಲಿ ಕೊಟ್ಟು, ಗಂಡು ಹೆಣ್ಣೆನ್ನದೆ ಸಮನಾಗಿ ಕೊಟ್ಟು, ಮೇಲಿನ ಹಳ್ಳದಿಂದ ಕೆಲಸ ಆರಂಭಿಸೋಣ. ಕಲ್ಲು ಕಟ್ಟಲು ಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ನಾಲ್ಕಾರು ಜನ ಇದ್ದಾರೆ. ಅವರ ಕೈಕೆಳಗೆ ಕೆಲಸ ಹುಡುಕಿ ಗೋವೆಗೋ ಬೆಳಗಾವಿಯ ಕಾರಖಾನೆಗೋ ಹೊರಡಲಿರುವ ನಮ್ಮ ಹುಡುಗರನ್ನು ನಿಲ್ಲಿಸೋಣ. ಆ ಹಿರಿಯರೊಂದಿಗೆ ಆ ವಿದ್ಯೆಯೂ ಹೋದರೆ ಮುಂದೆ ಹಣವಿದ್ದರೂ ಕಟ್ಟುವವರಿರುವುದಿಲ್ಲ. ನಿಧಿಯಲ್ಲಿ ಮೂರರಲ್ಲೊಂದು ಪಾಲನ್ನು ಮುಟ್ಟದೆ, ಮುಂದಿನ ವರ್ಷದ ಹೂಳು ತೆಗೆಯಲು ಮತ್ತು ದುರಸ್ತಿಗೆ ತೆಗೆದಿಡೋಣ. ಸ್ವಂತ ಇಚ್ಛೆಯಿಂದ ಶ್ರಮದಾನ ಮಾಡಬಯಸುವ ತೋಟದ ಮಾಲಕರು ಖಂಡಿತ ಬರಲಿ. ಬುಟ್ಟಿ, ಗುದ್ದಲಿ ಸಂಘದಲ್ಲಿವೆ. ತಮ್ಮ ಬದಲು ಆಳನ್ನು ಕಳಿಸುವುದು ಮಾತ್ರ ಬೇಡ.

ಇದಕ್ಕೆ ವಿರೋಧವೂ ಇರಬಹುದು. ಅಡಿಕೆ, ಕಾಫಿ ಬೆಲೆ ನಾಳೆ ಬಿದ್ದರೆ ಈ ಮುರಿತವೂ ಹೊರೆಯಾಗುತ್ತದೆಂಬ ಮಾತಿನಲ್ಲಿ ಹುರುಳಿದೆ. ಅದನ್ನೂ ಸಭೆಯಲ್ಲಿ ಆಡಬೇಕು. ಆದರೆ ಬೆಲೆ ಬಿದ್ದ ವರ್ಷವೇ ಆಳುಮಕ್ಕಳಿಗೆ ಕೆಲಸ ಕಡಿಮೆಯಾಗುವ ವರ್ಷ, ಅದೇ ಇಂಥ ಕೆಲಸ ಹೆಚ್ಚು ಬೇಕಾಗುವ ವರ್ಷ ಎಂಬುದನ್ನೂ ಮರೆಯಬಾರದು. ಒಳ್ಳೆಯ ವರ್ಷದಲ್ಲಿ ಕೂಡಿಟ್ಟರೆ ಕೆಟ್ಟ ವರ್ಷದಲ್ಲಿ ಕೆಲಸ ಕೊಡಬಹುದು.

ಸದಸ್ಯರೆಲ್ಲರೂ ಮಹಾಸಭೆಗೆ ಬರಬೇಕೆಂದು, ಬರುವಾಗ ತಮ್ಮ ತೋಟದ ಹಳ್ಳವನ್ನು ತಲೆಯಿಂದ ಬುಡದವರೆಗೆ ಒಮ್ಮೆ ನಡೆದು ನೋಡಿ ಬರಬೇಕೆಂದು ಕೋರುತ್ತೇನೆ. ಎಲ್ಲೆಲ್ಲಿ ದಂಡೆ ಕುಸಿದಿದೆ, ಎಷ್ಟು ಕಲ್ಲು ಹತ್ತಿರದಲ್ಲಿ ಸಿಗುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ತಂದರೆ ಪಟ್ಟಿ ಮಾಡುವ ಕೆಲಸ ಅಂದೇ ಆರಂಭವಾದಂತಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ